ತಿದ್ದಿದ ಕೈಗೆ

ಅಕ್ಷರ ಕಲಿಯುವುದಕ್ಕೂ ತಪ್ಪು ಸರಿಪಡಿಸುವುದಕ್ಕೂ ಕನ್ನಡದಲ್ಲಿ ಒಂದೇ ಮಾತು: ತಿದ್ದುವುದು. ಸ್ಲೇಟಿನ ಮೇಲೆ ಕೈಹಿಡಿದು ‘ಅ’ ತಿದ್ದಿಸಿದವರು ಇನ್ನೇನನ್ನು ತಿದ್ದುತ್ತಿದ್ದರೆಂದು ತಿಳಿಯಲು ಮೂವತ್ತು ವರ್ಷ ಬೇಕಾಗುತ್ತದೆ.

ಕೃತಜ್ಞ ಎಂದರೆ ಮಾಡಿದ್ದನ್ನು ಬಲ್ಲವನು. ಆ ಪದದೊಳಗೆ ಹಾರವಿಲ್ಲ, ಶಾಲಿಲ್ಲ. ಅರಿವು ಮಾತ್ರ ಇದೆ. ಕೃತಘ್ನ ಎಂದರೆ ಮಾಡಿದ್ದನ್ನು ಕೊಂದವನು. ಇವರಿಬ್ಬರ ನಡುವೆ ಸುಮ್ಮನೆ ಮರೆತವನೊಬ್ಬನಿದ್ದಾನೆ. ಅವನಿಗೆ ಇಷ್ಟೇ ಗಟ್ಟಿಯಾದ ಹೆಸರು ಸಿಕ್ಕಿಲ್ಲ. ನಮ್ಮಲ್ಲಿ ಹೆಚ್ಚಿನವರು ಅವನ ಸಾಲಿನವರು.

ಪಾಠ ಅಂದೇ ತಿಳಿಯಬಹುದು. ಪಾಠ ಹೇಳಿದವರು ತಿಳಿಯುವುದು ಅವರ ಅಂದಿನ ವಯಸ್ಸನ್ನು ನಾವು ದಾಟಿದ ಮೇಲೆ.

ಹತ್ತರ ಹುಡುಗನ ಕಣ್ಣಿಗೆ ಮೇಷ್ಟ್ರು ಮುದುಕರು. ಐವತ್ತರಲ್ಲಿ ಕುಳಿತು ಲೆಕ್ಕ ಹಾಕಿದರೆ, ಆಗ ಅವರಿಗೆ ಇಪ್ಪತ್ತಾರು. ಮೊದಲ ಸಂಬಳ, ಬಾಡಿಗೆಯ ಕೋಣೆ, ಊರಲ್ಲಿ ಕಾಯಿಲೆ ಬಿದ್ದ ತಂದೆ, ಮದುವೆಗೆ ಬಂದ ತಂಗಿ. ಇಷ್ಟನ್ನೂ ಹೊಸ್ತಿಲಾಚೆ ಇಳಿಸಿ, ಆ ಇಪ್ಪತ್ತಾರರ ಹುಡುಗ ದಿನವೂ ನಗುತ್ತ ಒಳಗೆ ಬರುತ್ತಿದ್ದ.

ಮನೆಯಲ್ಲಿ ಪುಟ್ಟ, ಬೀದಿಯಲ್ಲಿ ಇಂಥವರ ಮಗ. ಪೂರ್ತಿ ಹೆಸರು ಹಿಡಿದು ದಿನವೂ ಕರೆದ ಮೊದಲ ದನಿ ಹಾಜರಿ ಪುಸ್ತಕದ್ದು. ಅಂದಿನಿಂದ ಅವನು ಒಬ್ಬ ಮನುಷ್ಯ.

ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಹೆಡ್‌ಮೇಷ್ಟ್ರು ಜೂನ್ 1 ಎಂದು ಬರೆದರು. ನಮ್ಮ ಹಳ್ಳಿಗಳ ಒಂದೆರಡು ಪೀಳಿಗೆ ಇಂದಿಗೂ ಆ ದಿನವೇ ಹುಟ್ಟುತ್ತದೆ, ಮೇ 31ರಂದು ನಿವೃತ್ತವಾಗುತ್ತದೆ. ತಾಯಿ ಜೀವ ಕೊಟ್ಟಳು. ತಾರೀಖು ಕೊಟ್ಟವರು ಮೇಷ್ಟ್ರು.

ಕಲಿಸುವ ಹೆಂಗಸನ್ನು ಬಡಗಣ ಕರ್ನಾಟಕ ಅಕ್ಕೋರು ಎಂದಿತು. ಹುದ್ದೆಯ ಹೆಸರನ್ನು ಬಿಟ್ಟು ನಂಟಿನ ಹೆಸರನ್ನು ಆರಿಸಿಕೊಂಡ ಸೀಮೆ, ಕರೆಯುವಾಗಲೆಲ್ಲ ಋಣವನ್ನು ಒಪ್ಪಿಕೊಳ್ಳುತ್ತಿತ್ತು.

ಪ್ರತಿ ಪೀರಿಯಡ್ಡಿನ ಕೊನೆಗೂ ಮೇಷ್ಟ್ರು ತಾವು ಬರೆದದ್ದನ್ನು ತಾವೇ ಒರೆಸುತ್ತಾರೆ. ತನ್ನ ಬರಹ ಉಳಿಯಲೇಬೇಕೆಂಬ ಹಟವಿಲ್ಲದ ಬರಹಗಾರ ಅವರೊಬ್ಬರೇ.

ಒರೆಸಿದ್ದು ಎಲ್ಲಿಗೆ ಹೋಯಿತು? ಸೀಮೆಸುಣ್ಣದ ಪುಡಿ ಅವರ ಎದೆಗೆ ಹೋಯಿತು. ಅಕ್ಷರ ನಮ್ಮ ಎದೆಗೆ ಬಂತು.

1921. ಮಹಾರಾಜ ಕಾಲೇಜಿನಲ್ಲಿ ಮೂರು ವರ್ಷ ತತ್ತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟರು. ವಿದ್ಯಾರ್ಥಿಗಳು ಗಾಡಿಗೆ ಹೂ ಕಟ್ಟಿದರು, ಕುದುರೆಗಳನ್ನು ಬಿಚ್ಚಿದರು, ತಾವೇ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದರು. ಸೆಪ್ಟೆಂಬರ್ 5ನ್ನು ದೇಶ ಶಿಕ್ಷಕರ ದಿನವೆಂದು ಆಚರಿಸತೊಡಗಿದ್ದು 1962ರಲ್ಲಿ. ಮೈಸೂರಿನ ಬೀದಿ ನಲವತ್ತೊಂದು ವರ್ಷ ಮುಂದಿತ್ತು.

ಎಳೆದವರ ಹೆಸರು ಆ ಕಥೆಯಲ್ಲಿ ಉಳಿದಿಲ್ಲ. ಹೆಗಲು ಉಳಿದಿದೆ.

ಆಜ್ಞೆಯಿಂದ ಬಂದ ವಂದನೆಗೆ ದಿನಾಂಕವಿರುತ್ತದೆ. ಒಳಗಿನಿಂದ ಬಂದದ್ದು ಯಾವ ಮಂಗಳವಾರವಾದರೂ ಬರುತ್ತದೆ: ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮಗಳಿಗೆ ಭಾಗಾಕಾರ ಹೇಳಿಕೊಡುವಾಗ, ತನ್ನ ಬಾಯಿಂದ ಬೇರೆಯವರ ದನಿ ಹೊರಟಾಗ.

ತಯಾರಿಸಿಕೊಂಡು ಹೋದ ಪಾಠವನ್ನು ಹುಡುಗರು ಮರೆತರು. ಬಾಗಿಲ ಬಳಿ ನಿಂತು ಆಡಿದ ಒಂದು ಮಾತನ್ನು ಹೊತ್ತುಕೊಂಡು ಹೋದರು.

ಗುರುವಂದನೆಯ ಸಭೆಯಲ್ಲಿ ಶಿಷ್ಯನೊಬ್ಬ ಎದ್ದು ನಿಲ್ಲುತ್ತಾನೆ. ಅಂದು ನೀವು ಆ ಮಾತು ಹೇಳದೆ ಇದ್ದಿದ್ದರೆ ಇಂದು ನಾನಿಲ್ಲ ಎನ್ನುತ್ತಾನೆ. ಮೇಷ್ಟ್ರಿಗೆ ಆ ದಿನ ನೆನಪಿಲ್ಲ, ಮಾತು ನೆನಪಿಲ್ಲ, ಹುಡುಗನ ಮುಖವೂ ಅಷ್ಟಕ್ಕಷ್ಟೆ. ಆದರೂ ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆ ಸುಳ್ಳಲ್ಲ. ತಾನು ಎಲ್ಲೋ ಬಿಸಾಡಿದ ಬೀಜ ಮರವಾಗಿ ಎದುರು ಬಂದು ನಿಂತಾಗ ರೈತನೂ ಹಾಗೆಯೇ ತಲೆಯಾಡಿಸುತ್ತಾನೆ.

ಕೊಟ್ಟವರಿಗೆ ನೆನಪಿಲ್ಲ, ಪಡೆದವನಿಗೆ ಮರೆವಿಲ್ಲ. ದಾನ ಶುದ್ಧವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಅದೇ ಬಾಯಿ ಇನ್ನೊಬ್ಬನಿಗೆ, ನೀನು ಉದ್ಧಾರ ಆಗಲ್ಲ ಎಂದಿತ್ತು. ಅದೂ ನಿಂತಿದೆ. ಅದನ್ನು ಹೊತ್ತವನು ಸಭೆಗೆ ಬರುವುದಿಲ್ಲ.

ಏಟೇ ನನ್ನನ್ನು ಮನುಷ್ಯನನ್ನಾಗಿ ಮಾಡಿತು ಎಂದು ವೇದಿಕೆಯ ಮೇಲೆ ಹೇಳುವವರು ಏಟು ತಡೆದುಕೊಂಡವರು. ತಡೆಯಲಾರದೆ ಸ್ಲೇಟು ಬಿಟ್ಟು ದನ ಕಾಯಲು ಹೋದವನಿಗೆ ಮೈಕು ಸಿಗಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬೆತ್ತವನ್ನು ನಿಷೇಧಿಸಿತು. ಅವನ ಪರವಾಗಿ ಯಾರೋ ತಡವಾಗಿ ಮಾತಾಡಿದಂತಾಯಿತು.

ಬೆತ್ತವಿದ್ದ ಮೇಷ್ಟ್ರಿಗೂ ಜನ ಕೃತಜ್ಞರಾಗಿದ್ದಾರೆ. ಬೆತ್ತಕ್ಕಲ್ಲ. ಬೆತ್ತದ ಹಿಂದೆ ಇದ್ದ ಕಾಳಜಿಗೆ. ಕಾಳಜಿಗೆ ಬೆತ್ತ ಬೇಕಿರಲಿಲ್ಲ ಎಂಬುದನ್ನು ಒಪ್ಪಿಕೊಂಡ ನಿವೃತ್ತ ಮೇಷ್ಟ್ರೇ ಅವರಲ್ಲಿ ಎತ್ತರದವರು.

ಓದು ಮುಗಿಸಿ ಹೊರಡುವ ಶಿಷ್ಯನಿಗೆ ತೈತ್ತಿರೀಯ ಉಪನಿಷತ್ತಿನ ಆಚಾರ್ಯ ಒಂದು ಅನುಮತಿ ಕೊಡುತ್ತಾನೆ: ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿತ್ತೋ ಅದನ್ನು ಮಾತ್ರ ಅನುಸರಿಸು, ಉಳಿದದ್ದನ್ನಲ್ಲ. ತನ್ನಲ್ಲಿ ‘ಉಳಿದದ್ದು’ ಇದೆ ಎಂದು ಒಪ್ಪಿದ ಗುರು ಶಿಷ್ಯನಿಗೆ ಕೊನೆಯ ಪಾಠವನ್ನೂ ಹೇಳಿದ.

ಕುರುಡು ಭಕ್ತಿಗೆ ಗುರು ಕಾಣುವುದಿಲ್ಲ. ಕೃತಜ್ಞತೆಗೆ ಕಣ್ಣಿದೆ.

ಏಕಲವ್ಯನಿಗೆ ಕಲಿಸದವನು ಕೇಳಿದ ದಕ್ಷಿಣೆಯೇ ಎಲ್ಲಕ್ಕಿಂತ ದೊಡ್ಡದು. ಕಲಿಸಿದವರು ಸಾಮಾನ್ಯವಾಗಿ ಏನನ್ನೂ ಕೇಳುವುದಿಲ್ಲ.

ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ತಮಗೆ ಬೇಕಾದ ದಕ್ಷಿಣೆ ಏನೆಂದೂ ಹೇಳಿ ಹೋದರು: ಆ ಮಕ್ಕಳು ಓದಬೇಕು, ಕೆಲಸ ಹಿಡಿಯಬೇಕು, ಕಾರಿನಲ್ಲಿ ಓಡಾಡಬೇಕು; ಆ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು. ಗುರುವಿನ ಪಾದಧೂಳಿಯನ್ನು ಶಿಷ್ಯ ತಲೆಗಿಟ್ಟುಕೊಳ್ಳುವ ನಾಡಿನಲ್ಲಿ, ಶಿಷ್ಯನ ಧೂಳನ್ನು ತಲೆಗೆ ಬೇಡಿದ ಗುರು.

ಆ ಬೇಡಿಕೆಯ ಮುಂದೆ ನಮ್ಮ ಪೇಟ, ಶಾಲು, ಹಣ್ಣಿನ ಬುಟ್ಟಿ ಬಹಳ ಹಗುರ.

ಬುದ್ಧಿವಂತನಿಗೆ ಯಾರು ಹೇಳಿಕೊಟ್ಟರೂ ಬರುತ್ತದೆ. ಮೇಷ್ಟ್ರ ಕೈಚಳಕ ಇದ್ದದ್ದು ಮೂವತ್ತೈದು ಅಂಕ ತೆಗೆದು ದಡ ಸೇರಿದವನಲ್ಲಿ. ಸಭೆಯಲ್ಲಿ ಅವನು ಕುರ್ಚಿ ಜೋಡಿಸುತ್ತಿರುತ್ತಾನೆ.

ರ‍್ಯಾಂಕ್ ಬಂದವಳು ಮೇಷ್ಟ್ರಿಗೆ ಹೆಮ್ಮೆ. ದಾರಿ ತಪ್ಪದೆ ಉಳಿದವನು ಮೇಷ್ಟ್ರಿಗೆ ನಿದ್ದೆ.

ಪರೀಕ್ಷೆಯ ಶುಲ್ಕ ಕಟ್ಟಿದ ಮೇಷ್ಟ್ರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಕಟ್ಟಿಸಿಕೊಂಡವನೂ ಎತ್ತಲಿಲ್ಲ. ಒಬ್ಬರದು ಘನತೆ, ಒಬ್ಬನದು ಸಂಕೋಚ. ಹೊರಗಿನಿಂದ ಕೇಳಿದರೆ ಎರಡೂ ಒಂದೇ ಮೌನ.

ಹಣದ ಸಾಲ ತೀರಿಸಿದರೆ ನಂಟು ಮುಗಿಯುತ್ತದೆ. ವಿದ್ಯೆಯ ಸಾಲ ತೀರಿಸಹೊರಟಾಗ ನಂಟು ಶುರುವಾಗುತ್ತದೆ.

ಹಿಂದಿನವರು ಮನುಷ್ಯನಿಗೆ ಹುಟ್ಟಿನಿಂದಲೇ ಮೂರು ಋಣ ಎಂದರು. ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ, ಋಷಿಋಣ ಓದಿನಿಂದ ತೀರುತ್ತದಂತೆ. ಕಲಿಸಿದವರ ಸಾಲಕ್ಕೆ ಕಲಿಯುವುದೇ ಮರುಪಾವತಿ. ಇಂಥ ಸಾಲಗಾರನನ್ನೂ ಇಂಥ ಧನಿಕನನ್ನೂ ಯಾವ ಬ್ಯಾಂಕು ಕಂಡಿದೆ?

ನೀರು ಏರಿಗೆ ಹರಿಯುವುದಿಲ್ಲ, ವಿದ್ಯೆಯ ಋಣವೂ ಹಾಗೆಯೇ. ಮೇಲಿನವರಿಂದ ಪಡೆದದ್ದನ್ನು ಕೆಳಗಿನವರಿಗೆ ಕೊಡಬೇಕು. ಮೇಲಕ್ಕೆ ಕೈಮುಗಿದು ಕೆಳಕ್ಕೆ ಕೈಕಟ್ಟಿದವನು ನೀರನ್ನು ಕಟ್ಟಿಹಾಕಿದ.

ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರಿಗೆ ಸಂಗೀತ ಕಲಿಸಿದರು. 1944ರಲ್ಲಿ ಗುರು ಹೋದರು. ಅಂದಿನಿಂದ 2010ರವರೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಶಿಷ್ಯ ಹೊತ್ತರು. ಅರವತ್ತಾರು ವರ್ಷ ಅವರು ಗುರುವಿಗೆ ಸಲ್ಲಿಸಿದ ವಂದನೆಯನ್ನು ಉಂಡವರು, ಹಾಡಿದವರು ಬೇರೆಯವರ ಮಕ್ಕಳು.

ಬೆಳಕು ಕಣ್ಣಿನಿಂದ ಕಣ್ಣಿಗೆ ಹೋಗುತ್ತದೆ ಎಂದು ನಂಬಿದವರು ಒಮ್ಮೆ ಗದಗಕ್ಕೆ ಹೋಗಿಬರಬೇಕು.

ಅದೇ ಗದಗದ ಇನ್ನೊಬ್ಬ ಹುಡುಗ ಗುರುವನ್ನು ಹುಡುಕಿ ಮನೆ ಬಿಟ್ಟ. ಗ್ವಾಲಿಯರ್ ಸುತ್ತಿದ, ಜಲಂಧರ್ ಮುಟ್ಟಿದ. ಗುರು ಸವಾಯಿ ಗಂಧರ್ವರು ಸಿಕ್ಕಿದ್ದು ಕುಂದಗೋಳದಲ್ಲಿ, ತನ್ನದೇ ಸೀಮೆಯಲ್ಲಿ. ಅಲ್ಲಿ ಭೀಮಸೇನ ಜೋಶಿ ನೀರು ಹೊತ್ತ, ಕಾದ, ಆಮೇಲೆ ಹಾಡಿದ. ಅಷ್ಟು ದೂರ ಅಲೆದು ಬಾರದೆ ಇದ್ದಿದ್ದರೆ ಇಷ್ಟು ಹತ್ತಿರದ್ದು ಕಾಣುತ್ತಿತ್ತೋ ಇಲ್ಲವೋ.

ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಮರುವರ್ಷ ಪುಣೆಯಲ್ಲಿ ಅವರ ನೆನಪಿಗೆ ಶಿಷ್ಯರು ಹಾಡಿದರು. ಆ ಹಾಡು ಉತ್ಸವವಾಗಿ ಬೆಳೆಯಿತು. ಇಂದು ಆ ಉತ್ಸವದ ಹೆಸರಿನಲ್ಲಿ ಗುರುವಿನ ಪಕ್ಕಕ್ಕೆ ಭೀಮಸೇನರ ಹೆಸರೂ ಸೇರಿದೆ. ಬಯಸದೆ ಸಿಕ್ಕ ಜಾಗ ಅದು: ಗುರುವನ್ನು ಎತ್ತಿ ಹಿಡಿದ ಕೈ ತಾನೂ ಎತ್ತರದಲ್ಲಿ ಇರಲೇಬೇಕಾಯಿತು.

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತು ಬರುತ್ತಿದ್ದರು. ಗುರುವಿನ ಮನೆಯ ಹೊಸ್ತಿಲಿಗೆ ನಮಸ್ಕರಿಸುವಾಗ ಆ ಹಾದಿಗೂ ಒಂದು ನಮಸ್ಕಾರ ಸಲ್ಲಬೇಕು. ಹೆಣ್ಣುಮಕ್ಕಳಿಗೆ ವಿದ್ಯೆಗಿಂತ ಹಾದಿಯೇ ಕಷ್ಟವಾಗಿದ್ದ ಕಾಲ ಅದು.

ಮಗಳನ್ನು ಶಾಲೆ ಬಿಡಿಸಬೇಡಿ ಎಂದು ಮನೆಬಾಗಿಲಿಗೆ ಬಂದ ಅಕ್ಕೋರು ಅಂದು ಒಂದು ಲೋಟ ನೀರನ್ನೂ ಕುಡಿಯದೆ ಹೊರಟರು. ಆ ಮನೆಯಲ್ಲಿ ಈಗ ಮೂರು ಪದವಿಗಳಿವೆ.

ಬಳೆಗಾರರ ಮನೆಯ ರನ್ನ ಮುದುವೊಳಲಿನಿಂದ ವಿದ್ಯೆ ಅರಸಿ ಹೊರಟ. ಅಜಿತಸೇನಾಚಾರ್ಯರು ಕೈಹಿಡಿದರು. ಸಾವಿರ ವರ್ಷ ಕಳೆದಿದೆ. ರನ್ನನನ್ನು ಓದುವ ಪ್ರತಿ ತರಗತಿಯಲ್ಲೂ ಆ ಗುರುವಿನ ಹೆಸರು ಇನ್ನೂ ಕೇಳಿಬರುತ್ತದೆ. ಕಲ್ಲಿನ ಮೇಲೆ ಕೊರೆಸಿದ ಹೆಸರುಗಳಲ್ಲಿ ಎಷ್ಟಕ್ಕೆ ಆ ಭಾಗ್ಯ?

ಟಿ. ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ‘ಶ್ರೀ ರಾಮಾಯಣ ದರ್ಶನಂ’ ಹೊರಬಂದದ್ದು 1949ರಲ್ಲಿ. ಹತ್ತು ವರ್ಷದ ಹಿಂದೆ ಹೋದ ಗುರುವಿಗೆ ಕುವೆಂಪು ಅದನ್ನು ಅರ್ಪಿಸಿದರು. ಪುಸ್ತಕ ತೆರೆದರೆ ರಾಮನಿಗಿಂತ ಮೊದಲು ಮೇಷ್ಟ್ರು ಸಿಗುತ್ತಾರೆ.

ವೆಂಕಣ್ಣಯ್ಯನವರು ಬರೆದ ಪುಸ್ತಕಗಳು ಕಡಿಮೆ. ಬರೆಯಿಸಿದವು ಎಣಿಕೆಗೆ ಸಿಗುವುದಿಲ್ಲ.

ಜೇಮ್ಸ್ ಕಸಿನ್ಸ್ ಕುವೆಂಪು ಅವರಿಗೆ ತರಗತಿಯಲ್ಲಿ ಪಾಠ ಹೇಳಿದವರಲ್ಲ. 1924ರಲ್ಲಿ ಮೈಸೂರಿಗೆ ಬಂದಿದ್ದ ಆ ಐರಿಷ್ ಕವಿ, ಹುಡುಗನ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿನ್ನ ತಾಯಿನುಡಿಯಲ್ಲಿ ಬರೆ ಎಂದರು. ಕನ್ನಡ ಬಾರದವರು ಕನ್ನಡಕ್ಕೆ ಒಬ್ಬ ಕವಿಯನ್ನು ಮರಳಿಸಿದರು. ಗುರುವಾಗಲು ಒಬ್ಬರಿಗೆ ಆಯುಷ್ಯ ಬೇಕು, ಇನ್ನೊಬ್ಬರಿಗೆ ಒಂದು ಭೇಟಿ.

1941ರಲ್ಲಿ ಬಿಎಂಶ್ರೀ ಅವರಿಗೆ ಶಿಷ್ಯರೂ ಗೆಳೆಯರೂ ಸೇರಿ ಒಪ್ಪಿಸಿದ ಗ್ರಂಥದ ಹೆಸರು ‘ಸಂಭಾವನೆ’. ಆ ಮಾತಿಗೆ ಗೌರವ ಎಂಬ ಅರ್ಥವೂ ಇದೆ, ದುಡಿಮೆಗೆ ಕೊಡುವ ಕಾಣಿಕೆ ಎಂಬ ಅರ್ಥವೂ ಇದೆ. ಬರೆಯಲು ಹಚ್ಚಿದವರಿಗೆ ಬರೆದದ್ದನ್ನೇ ಕೊಟ್ಟರು. ಇದಕ್ಕಿಂತ ಸರಿಯಾದ ಲೆಕ್ಕ ಕಾಣೆ.

1957ರಲ್ಲಿ ನೊಬೆಲ್ ಬಂದಾಗ ಆಲ್ಬರ್ಟ್ ಕಮೂ ತಾಯಿಯ ನಂತರ ನೆನೆದದ್ದು ಆಲ್ಜೀರಿಯಾದ ಬಡ ಓಣಿಯಲ್ಲಿ ತನಗೆ ಕಲಿಸಿದ ಪ್ರಾಥಮಿಕ ಶಾಲೆಯ ಮೇಷ್ಟ್ರು ಲೂಯಿ ಜೆರ್ಮೈನರನ್ನು. ಕಾಗದ ಬರೆದು ತಿಳಿಸಿದರು. ಲೋಕವೆಲ್ಲ ಚಪ್ಪಾಳೆ ತಟ್ಟುತ್ತಿರುವಾಗಲೂ ಮಗು ಓರೆಗಣ್ಣಿನಿಂದ ನೋಡುವುದು ಒಬ್ಬರನ್ನೇ.

ಕಾಲೇಜಿನವರನ್ನು ಹೆಸರು ಹಿಡಿದು ನೆನೆಯುತ್ತೇವೆ, ಹೈಸ್ಕೂಲಿನವರನ್ನು ವಿಷಯ ಹಿಡಿದು. ಒಂದನೇ ತರಗತಿಯಲ್ಲಿ ಮೂಗೊರೆಸಿ, ಚಡ್ಡಿಯ ಗುಂಡಿ ಹಾಕಿ, ಕಾಗುಣಿತ ಹೇಳಿಕೊಟ್ಟವರ ಹೆಸರೇ ನಾಲಗೆಗೆ ಬರುವುದಿಲ್ಲ. ಅಡಿಪಾಯವನ್ನು ಮಣ್ಣು ಮುಚ್ಚುವುದು ಮನೆ ಕಟ್ಟುವ ರೀತಿ. ಹಾಗೆಂದು ಮನೆಯವರೂ ಮುಚ್ಚಬೇಕೆ?

ಏಕೋಪಾಧ್ಯಾಯ ಶಾಲೆ: ಒಂದು ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಒಂದನೆಯವನು ಮಗ್ಗಿ ಹೇಳುತ್ತ ನಾಲ್ಕನೆಯವರ ಚರಿತ್ರೆಯನ್ನೂ ಕೇಳಿಸಿಕೊಂಡ. ಬಡತನ ಕಟ್ಟಿದ ಆ ಕೋಣೆಯಲ್ಲಿ ಅಡ್ಡಗೋಡೆಗಳು ಇರಲಿಲ್ಲವಾದ್ದರಿಂದ ಕೆಲವರಿಗೆ ಪಾಠ ಸೋರಿ ಬಂತು. ಆದರೆ ಆ ಮೇಷ್ಟ್ರ ಗಂಟಲಿನ ಲೆಕ್ಕವನ್ನು ಯಾರೂ ಇಡಲಿಲ್ಲ.

2002ರಲ್ಲಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಯಿತು. ಅಂದಿನ ಮಕ್ಕಳು ಇಂದು ಗುರುವಂದನೆ ಮಾಡುವ ವಯಸ್ಸಿಗೆ ಬಂದಿದ್ದಾರೆ. ವೇದಿಕೆಯ ಮೇಲೆ ಸಾಂಬಾರು ಬಡಿಸಿದವರಿಗೂ ಒಂದು ಕುರ್ಚಿ ಹಾಕಬೇಕು. ಹಸಿದ ಹೊಟ್ಟೆಗೆ ವ್ಯಾಕರಣ ಇಳಿಯುವುದಿಲ್ಲ ಎಂಬುದನ್ನು ಮೇಷ್ಟ್ರಿಗಿಂತ ಮೊದಲು ಬಲ್ಲವರು ಅವರು.

ಗಂಟೆ ಬಾರಿಸಿದ ಜವಾನನಿಗೂ ಒಂದು. ಆ ಗಂಟೆಯ ಸದ್ದು ಕೆಲವರ ಎದೆಯಲ್ಲಿ ಇನ್ನೂ ನಿಂತಿಲ್ಲ.

ಆಹ್ವಾನಪತ್ರಿಕೆಯಲ್ಲಿ ‘ಹಳೆಯ ವಿದ್ಯಾರ್ಥಿಗಳು’ ಎಂದಿರುತ್ತದೆ. ಅರ್ಧದಲ್ಲಿ ಬಿಟ್ಟವರೂ ವಿದ್ಯಾರ್ಥಿಗಳೇ. ವಾಟ್ಸಾಪ್ ಗುಂಪಿಗೆ ಅವರ ನಂಬರು ಸೇರುವುದಿಲ್ಲ. ಮೇಷ್ಟ್ರು ವೇದಿಕೆ ಹತ್ತಿದ ಕೂಡಲೇ ಕೇಳುವುದು ಅವರನ್ನೇ: ಅವನೆಲ್ಲಿ, ಕೆರೆಯಾಚೆಯಿಂದ ಬರುತ್ತಿದ್ದನಲ್ಲ?

ಬಂದವರ ಸಾಧನೆ ಕೇಳಿ ಮೇಷ್ಟ್ರು ಸಂತೋಷಪಡುತ್ತಾರೆ. ಬಾರದವರನ್ನು ನೆನೆದು ಮೇಷ್ಟ್ರಾಗಿಯೇ ಉಳಿಯುತ್ತಾರೆ.

ವರ್ಗಾವಣೆಯ ದಿನ ಬಸ್ಸಿನ ಹಿಂದೆ ಓಡಿ ಅತ್ತ ಹುಡುಗರು ಮುಂದಿನ ಜೂನಿಗೆ ಹೊಸ ಮೇಷ್ಟ್ರ ಹಿಂದೆ ಓಡಿದರು. ಹಳಬರಿಗೆ ಬೇಕಾಗಿದ್ದೂ ಅದೇ.

ತಾನು ಬೆಳೆಸಿದವರು ತನ್ನನ್ನು ಮೀರಬೇಕೆಂದು ಬಯಸುವ ಸಂಬಂಧಗಳು ಲೋಕದಲ್ಲಿ ಎರಡೇ ಎನ್ನುತ್ತಾರೆ: ಹೆತ್ತವರು, ಕಲಿಸಿದವರು. ಹೆತ್ತವರಿಗೆ ರಕ್ತದ ಕಾರಣವಿದೆ. ಇನ್ನೊಬ್ಬರಿಗೆ ಯಾವ ಕಾರಣವೂ ಇಲ್ಲ.

ಉತ್ತರ ಕೊಟ್ಟ ಮೇಷ್ಟ್ರಿಗೆ, ನಮಗೆ ಅಂಕ ಬಂದಾಗ ಕೃತಜ್ಞರಾದೆವು. ಗೊತ್ತಿಲ್ಲ, ನೋಡಿಕೊಂಡು ನಾಳೆ ಹೇಳುತ್ತೇನೆ ಎಂದ ಮೇಷ್ಟ್ರಿಗೆ ಕೃತಜ್ಞರಾದದ್ದು ನಾವೇ ತಪ್ಪು ಮಾಡಿ, ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದಾಗ. ಅವರು ಮರುದಿನ ಹೇಳಿಯೂ ಹೇಳಿದ್ದರು.

ಕೆಂಪು ಶಾಯಿ ನೋವು ಕೊಟ್ಟಿತು. ಕೆಂಪು ಶಾಯಿ ಬೀಳಬೇಕಾದರೆ ಒಬ್ಬರು ಪೂರ್ತಿ ಓದಿರಬೇಕು. ಆಮೇಲಿನ ಬದುಕಿನಲ್ಲಿ ನಮ್ಮನ್ನು ಅಷ್ಟು ಪೂರ್ತಿ ಓದಿದವರು ಎಷ್ಟು ಜನ?

ದೊಡ್ಡವರು ಹೊಗಳುವಾಗ ದೊಡ್ಡ ಮಾತು ಹುಡುಕುತ್ತಾರೆ. ನಿಜವಾದ ಕೃತಜ್ಞತೆಗೆ ಬೇಕಾಗುವುದು ಸಣ್ಣ ವಿವರ: ಮಳೆಯ ದಿನ ಮೇಷ್ಟ್ರು ಕೊಟ್ಟ ಕೊಡೆ, ಆ ಕೊಡೆಯ ಮುರಿದ ಕಡ್ಡಿ.

ಶಾಲುಗಳು ಬೀರುವಿನಲ್ಲಿ ಮಡಿಸಿ ಕೂತಿವೆ. ನಿವೃತ್ತ ಮೇಷ್ಟ್ರಿಗೆ ಚಳಿಯಾಗುವುದು ಯಾರೂ ಬಾರದ ಸಂಜೆಗಳಲ್ಲಿ.

ಹೊದಿಸಲು ನೂರು ಕೈ ಬರುತ್ತವೆ. ಔಷಧಿ ಚೀಟಿ ಹಿಡಿದು ಅಂಗಡಿಗೆ ಹೋಗಲು ಒಂದು ಕೈ ಬಂದರೆ ಸಾಕು.

ಹೇಳಬೇಕೆಂದುಕೊಂಡ ಮಾತನ್ನು ಹೇಳುವಷ್ಟರಲ್ಲಿ ಕೇಳಬೇಕಾದವರ ಕಿವಿ ಮಂದವಾಗಿರುತ್ತದೆ. ಆಗ ಕೈ ಹಿಡಿದುಕೊಳ್ಳಬೇಕು. ಮೊದಲ ಪಾಠವೂ ಕೈಯಿಂದ ಕೈಗೇ ಬಂದದ್ದು.

ಪತ್ರಿಕೆಯಲ್ಲಿ ಮೇಷ್ಟ್ರ ಮರಣವಾರ್ತೆ, ಅದರ ಕೆಳಗೆ ಶಿಷ್ಯರ ಸಂತಾಪ. ಅದರಲ್ಲಿ ಒಂದು ಸಾಲು, ಒಂದೇ ಒಂದು, ಹೋದ ವರ್ಷ ಅಂಚೆಯಲ್ಲಿ ಹೋಗಿದ್ದರೆ.

ಮೇಷ್ಟ್ರಿಗೂ ಒಬ್ಬ ಮೇಷ್ಟ್ರಿದ್ದರು. ಹಾರ ಕೊರಳಿಗೆ ಬಿದ್ದಾಗ ಅವರು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಅದನ್ನು ನಾವು ಆನಂದ ಎಂದುಕೊಳ್ಳುತ್ತೇವೆ. ಅವರು ಹಾರವನ್ನು ಹಿಂದಕ್ಕೆ ದಾಟಿಸುತ್ತಿರುತ್ತಾರೆ.

ಕನ್ನಡ ಶಾಲೆಯ ಮೇಷ್ಟ್ರಿಗೆ ಶಿಷ್ಯ ಕೈಮುಗಿಯುತ್ತಾನೆ. ಆ ಶಾಲೆಯಲ್ಲಿ ಈ ವರ್ಷ ಒಂದನೇ ತರಗತಿಗೆ ಮಕ್ಕಳೇ ಬಂದಿಲ್ಲ. ಕಟ್ಟಡಕ್ಕೆ ಸುಣ್ಣ ಬಳಿಸಿ ಕೊಟ್ಟವರ ಮನಸ್ಸು ದೊಡ್ಡದು. ಅದರೊಳಗೆ ಒಂದು ಮಗುವನ್ನು ಕೂರಿಸಿದವರು ಮೇಷ್ಟ್ರ ಹತ್ತಿರದ ನಂಟರು.

ಸಭೆ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ಎಂಬತ್ತು ದಾಟಿದ ಮೇಷ್ಟ್ರು ಕೋಲೂರಿ ತಮ್ಮ ಹಳೆಯ ಕೋಣೆಗೆ ಹೋದರು. ಹಿಂದೆಯೇ ನಾಲ್ಕೈದು ಮಂದಿ ಹೋಗಿ ಬೆಂಚುಗಳಲ್ಲಿ ಕೂತರು. ನರೆತ ತಲೆಗಳು, ಮೊಣಕಾಲು ಬೆಂಚಿನೊಳಗೆ ಹಿಡಿಸಲಿಲ್ಲ. ಮೇಷ್ಟ್ರು ಬೋರ್ಡಿನ ಅಂಚಿನಿಂದ ಒಂದು ಸೀಮೆಸುಣ್ಣದ ತುಂಡು ತೆಗೆದುಕೊಂಡು, ಬಲಗಡೆ ಮೇಲಿನ ಮೂಲೆಯಲ್ಲಿ ನಡುಗುವ ಕೈಯಿಂದ ತಾರೀಖು ಬರೆದರು. ಹಿಂದೆ ಕೂತವರು ಜೇಬಿನಲ್ಲಿ ಪೆನ್ನು ಹುಡುಕಿದರು.